‘ಸ್ಲೆಪ್ಟ್ ವೆಲ್’ ಅನ್ನುವ ಸಾಲು

ಬೆಳಗಿನ ಜಾವ ನೋಟ್ಸ್ ಬರೆಯೋಕೆ ಕೂತಾಗ ನೈಟ್ ಡ್ಯೂಟಿ ನರ್ಸ್ ಕೈಯಿಂದ ತಾನಾಗಿ ಬರುವ ಒಂದು ಸಾಲು ಇದೆ. ‘ಪೇಷಂಟ್ ಸ್ಲೆಪ್ಟ್ ವೆಲ್.’ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು ಅಂತ. ಬಿಪಿ ಅಳೆದು ಬರೆಯುತ್ತೇವೆ. ಜ್ವರ ಅಳೆದು ಬರೆಯುತ್ತೇವೆ. ಮೂತ್ರ ಎಷ್ಟು ಹೋಯಿತು ಅಂತ ಮಿಲಿಲೀಟರ್ ಲೆಕ್ಕ ಇಡುತ್ತೇವೆ. ನಿದ್ದೆಯನ್ನು ಮಾತ್ರ ನೋಡದೆ, ಕೇಳದೆ ಬರೆದುಬಿಡುತ್ತೇವೆ. ಹನ್ನೊಂದು ವರ್ಷ ನಾನೂ ಹಾಗೇ ಬರೆದೆ.

14ನೇ ಬೆಡ್‌ನ ಅಜ್ಜನ ಕೇಸ್ ಶೀಟಿನಲ್ಲಿ ಎರಡು ರಾತ್ರಿ ಆ ಸಾಲು ಇದೆ. ಎರಡೂ ನನ್ನದೇ ಕೈಬರಹ.

ನಾನು ಕೆಲಸ ಮಾಡುವುದು ಮಲೆನಾಡಿನ ಸೆರಗಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ಗಂಡಸರ ಮೆಡಿಕಲ್ ವಾರ್ಡ್, 30 ಬೆಡ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಬ್ಬರು ನರ್ಸ್, ಒಬ್ಬರು ಆಯಾ. ಅಜ್ಜನಿಗೆ 76 ವರ್ಷ. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾಗಿತ್ತು, ಹೃದಯವೂ ಸೋತಿತ್ತು. ಕಾಲು ಊದಿಕೊಂಡಿತ್ತು. ಮೂಗಿಗೆ ಆಕ್ಸಿಜನ್ ಹಾಕಿ, ಬೆನ್ನಿಗೆ ದಿಂಬು ಒರಗಿಸಿ ಕೂರಿಸಿದ್ದೆವು. ನಾನು ಟಾರ್ಚ್ ಹಿಡಿದು ರೌಂಡ್ಸ್ ಹೋದಾಗಲೆಲ್ಲ ಅವರ ಕಣ್ಣು ಮುಚ್ಚಿತ್ತು. ನಿದ್ದೆ ಅಂದುಕೊಂಡೆ.

ಮೂರನೇ ರಾತ್ರಿ ಎರಡೂವರೆಗೆ ಏನೋ ಬಿದ್ದ ಸದ್ದಾಯಿತು. ಓಡಿದೆ. ಅಜ್ಜ ಮಂಚದ ಕಂಬಿ ದಾಟಲು ಒಂದು ಕಾಲು ಆಚೆ ಹಾಕಿದ್ದರು. ಡ್ರಿಪ್‌ಗೆ ಅಂತ ಕೈಗೆ ಚುಚ್ಚಿದ್ದ ಕ್ಯಾನುಲಾ ಕಿತ್ತು ಬಿಸಾಡಿದ್ದರು. ಬಿಳಿ ಹಾಸಿಗೆ ತುಂಬ ರಕ್ತ. ಆಕ್ಸಿಜನ್ ಪೈಪು ನೆಲದ ಮೇಲೆ. ‘ಲಾರಿ ಬಂತು ಕಣವ್ವಾ, ಬಿಡು. ಮೂಟೆ ಎಣಿಸಬೇಕು’ ಅಂತ ನನ್ನ ಕೈ ಕೊಡವಿದರು. ಅಡಿಕೆ ಮಂಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಹಗಲು ನನ್ನ ಹತ್ತಿರ ಮೊಮ್ಮಗಳ ಮದುವೆಯ ವಿಚಾರ ನೆಟ್ಟಗೆ ಮಾತಾಡಿದ್ದ ಮನುಷ್ಯ, ಈಗ ನಾನು ಯಾರು ಅಂತಲೇ ಗೊತ್ತಿಲ್ಲದ ಹಾಗೆ ನೋಡುತ್ತಿದ್ದರು.

ನಾನು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದು ಒಂದೇ. ‘ಸರ್, ಮಲಗೋಕೆ ಏನಾದ್ರೂ ಇಂಜೆಕ್ಷನ್ ಬರೆದುಕೊಡಿ.’

ಅವರು ಬಂದರು. ಚಿಕ್ಕ ವಯಸ್ಸಿನ ಹುಡುಗ. ‘ಇಂಜೆಕ್ಷನ್ ಆಮೇಲೆ ಸಿಸ್ಟರ್. ಮೊದಲು ಸ್ಯಾಚುರೇಷನ್, ಶುಗರ್, ಹೊಟ್ಟೆ ನೋಡೋಣ’ ಅಂದರು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, 82. ಇಂಥ ಶ್ವಾಸಕೋಶದವರಿಗೆ 88ರಿಂದ 92ರ ನಡುವೆ ಇರಬೇಕು. ಶುಗರ್ ಸರಿ ಇತ್ತು. ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಮೂತ್ರ ತೆಗೆಯುವ ನಳಿಕೆ, ಕ್ಯಾಥೆಟರ್ ಹಾಕಿದೆವು, 700 ಮಿಲಿಲೀಟರ್ ಮೂತ್ರ ಬಂತು. ಆಕ್ಸಿಜನ್ ಮತ್ತೆ ಹಾಕಿ, ಕಂಬಿ ಪಕ್ಕ ಕೂತು ಕೈ ಹಿಡಿದುಕೊಂಡೆ. ನಾಲ್ಕು ಗಂಟೆ ಹೊತ್ತಿಗೆ ಅಜ್ಜ ಶಾಂತವಾದರು. ನಾನು ಕೇಳಿದ ಇಂಜೆಕ್ಷನ್ ಕೊಟ್ಟಿದ್ದರೆ ಅವರ ಉಸಿರು ಇನ್ನೂ ಕುಗ್ಗುತ್ತಿತ್ತು. ಅದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೂ ಕೇಳಿದ್ದೆ.

ಬೆಳಿಗ್ಗೆ ಮಗಳು ಬಂದರು. ವರಾಂಡದಲ್ಲೇ ಮಲಗುತ್ತಿದ್ದವರು. ನಾನು ರಾತ್ರಿ ನಡೆದದ್ದು ಹೇಳಿದೆ. ಅವರು ಹೇಳಿದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು. ‘ಅಕ್ಕಾ, ಅಪ್ಪ ಬಂದ ದಿನದಿಂದ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಕಣ್ಣು ಮುಚ್ಚಿಕೊಂಡು ಕೂತಿರ್ತಾರೆ ಅಷ್ಟೆ. ರಾತ್ರಿ ಆರು ಸಲ ಒಂದಕ್ಕೆ ಎದ್ದಿದಾರೆ. ನಿಮಗೆ ಹೇಳೋಣ ಅಂದ್ರೆ, ಸಿಸ್ಟರಿಗೆ ತೊಂದರೆ ಕೊಡಬೇಡ ಅಂದ್ರು.’

ವಯಸ್ಸಾದವರಿಗೆ ಹೀಗೆ ದಿಢೀರನೆ ಬುದ್ಧಿ ಭ್ರಮೆಯಾಗುವುದಕ್ಕೆ ಡೆಲಿರಿಯಂ ಅನ್ನುತ್ತೇವೆ. ಅದಕ್ಕೆ ಕಾರಣ ಒಂದೇ ಇರುವುದಿಲ್ಲ. ಅಜ್ಜನಿಗೆ ಆಕ್ಸಿಜನ್ ಕಡಿಮೆಯಾಗಿತ್ತು, ಮೂತ್ರ ಕಟ್ಟಿತ್ತು. ಅದರ ಮೇಲೆ ಮೂರು ರಾತ್ರಿಯ ನಿದ್ದೆಗೇಡು. ಕನ್ನಡಕ ಮಗಳ ಬ್ಯಾಗಿನಲ್ಲಿತ್ತು. ಅವರಿಗೆ ಸುತ್ತ ಏನಿದೆ ಅಂತ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

ಕೇಸ್ ಶೀಟ್ ತೆಗೆದು ಔಷಧಿ ಹಾಳೆ ನೋಡಿದೆ. ಮೂತ್ರ ಹೋಗಿಸುವ ಲ್ಯಾಸಿಕ್ಸ್ ಎರಡನೇ ಡೋಸ್ ರಾತ್ರಿ ಎಂಟಕ್ಕೆ. ಅದು ಆರು ಗಂಟೆ ಕೆಲಸ ಮಾಡುತ್ತದೆ. ಅಂದರೆ ಎಂಟರಿಂದ ಎರಡರವರೆಗೆ ನಾವೇ ಅವರನ್ನು ಎಬ್ಬಿಸುತ್ತಿದ್ದೆವು. ಪಾಯಿಖಾನೆ ವಾರ್ಡಿನ ಆ ತುದಿಯಲ್ಲಿ. ಉಸಿರಾಟಕ್ಕೆ ಕೊಡುವ ನೆಬುಲೈಸರ್ ಔಷಧಿಯಲ್ಲಿ ಒಂದು, ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರ ಕಟ್ಟಿಸಬಹುದು. ಸ್ಟೀರಾಯ್ಡ್ ಇಂಜೆಕ್ಷನ್ ರಾತ್ರಿ ಹತ್ತಕ್ಕೆ. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ ಅಂತ ಮೊದಲ ವರ್ಷದ ಹುಡುಗಿಯರಿಗೂ ಗೊತ್ತು. ಎಲ್ಲ ಔಷಧಿಯೂ ಬೇಕಾದದ್ದೇ. ತಪ್ಪು ಇದ್ದದ್ದು ಹೊತ್ತಿನಲ್ಲಿ.

ಆ ದಿನ ಮನೆಗೆ ಹೋಗಿ ಮಲಗಿದರೂ ನನಗೆ ನಿದ್ದೆ ಬರಲಿಲ್ಲ. ಹಳೇ ಪೆಟ್ಟಿಗೆಯಿಂದ ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸಿನ ಮೊದಲ ವರ್ಷದ ನೋಟ್‌ಬುಕ್ ಹುಡುಕಿ ತೆಗೆದೆ. ನರ್ಸಿಂಗ್ ಫೌಂಡೇಶನ್‌ನಲ್ಲಿ ‘ನಿದ್ದೆ ಮತ್ತು ವಿಶ್ರಾಂತಿ’ ಅಂತ ಒಂದು ಪಾಠ ಇದೆ. ಐದು ಮಾರ್ಕಿನ ಪ್ರಶ್ನೆಗೆ ಓದಿದ ಪಾಠ. ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ, ಒಂದು ಸುತ್ತಿಗೆ ಸುಮಾರು 90 ನಿಮಿಷ. ಮೊದಲು ತೆಳು ನಿದ್ದೆ, ಆಮೇಲೆ ಗಾಢ ನಿದ್ದೆ, ಕೊನೆಗೆ ಕಣ್ಣುಗುಡ್ಡೆ ಓಡಾಡುವ ಕನಸಿನ ನಿದ್ದೆ. ರಾತ್ರಿಗೆ ನಾಲ್ಕೈದು ಸುತ್ತು. ಗಾಢ ನಿದ್ದೆ ಜಾಸ್ತಿ ಇರುವುದು ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಬೆಳಗಿನ ಜಾವಕ್ಕೆ. ನೀಲಿ ಇಂಕಿನಲ್ಲಿ ಚೆಂದ ಮಾಡಿ ಚಿತ್ರ ಬಿಡಿಸಿದ್ದೆ. ಆ ಚಿತ್ರವನ್ನು ನಮ್ಮ ವಾರ್ಡಿನ ರಾತ್ರಿಯ ಪಕ್ಕ ಇಟ್ಟು ನೋಡುವ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ.

ಮುಂದಿನ ವಾರ ಅದನ್ನೇ ಮಾಡಿದೆ. ಒಂದು ಉದ್ದ ಪುಸ್ತಕದಲ್ಲಿ ಗೆರೆ ಎಳೆದೆ. ಎಡಕ್ಕೆ ಬೆಡ್ ನಂಬರ್, ಮೇಲೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಂಟೆಗಳು. ಗಂಟೆಗೊಮ್ಮೆ ನೋಡಿ ‘ನಿ’ ಅಥವಾ ‘ಎ’ ಅಂತ ಬರೆಯುವುದು. ನಿದ್ದೆ, ಎಚ್ಚರ. ಬರೀ ದೂರದಿಂದ ನೋಡುವುದಲ್ಲ. ಹತ್ತಿರ ಹೋಗಿ ಅರ್ಧ ನಿಮಿಷ ನಿಲ್ಲುವುದು. ನಿದ್ದೆಯಲ್ಲಿದ್ದವರ ಉಸಿರು ಒಂದೇ ಲಯದಲ್ಲಿ ಇರುತ್ತದೆ, ದವಡೆ ಸಡಿಲ ಇರುತ್ತದೆ, ಕೈ ಬಿಟ್ಟಿರುತ್ತದೆ. ಸುಮ್ನೆ ಕಣ್ಣು ಮುಚ್ಚಿದವರ ರೆಪ್ಪೆ ಅದುರುತ್ತದೆ, ಎಂಜಲು ನುಂಗುತ್ತಾರೆ. ಬೆಳಿಗ್ಗೆ ಎದ್ದ ಮೇಲೆ ಅವರನ್ನೇ ಕೇಳುವುದು. ಮೊದಲ ರಾತ್ರಿಯೇ ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ನಾನು ಐದು ಗಂಟೆ ಅಂದುಕೊಂಡವರು ಎರಡು ಗಂಟೆ ಅಂದರು. ಅವರ ಮಾತನ್ನೂ ಪಕ್ಕದಲ್ಲಿ ಬರೆಯತೊಡಗಿದೆ.

ಜೊತೆಗೆ ಇನ್ನೊಂದು ಕಾಲಂ: ಎದ್ದದ್ದು ಯಾಕೆ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಮ್ಮಲ್ಲಿಗೆ ಬಂದವರಿಗೆ ಚಿಂತೆಯೂ ಇದೆ, ವಾರ್ಡ್ ಅನ್ನುವ ಸಂತೆಯೂ ಇದೆ. ತಲೆ ಮೇಲೆ ನೇರ ಟ್ಯೂಬ್‌ಲೈಟ್. ಡ್ರೆಸ್ಸಿಂಗ್ ಟ್ರಾಲಿಯ ಕಿರಿಚುವ ಚಕ್ರ. ಸ್ಟೀಲ್ ಬೆಡ್‌ಪ್ಯಾನ್ ನೆಲಕ್ಕೆ ಬಿದ್ದ ಸದ್ದು. ನಮ್ಮ ಟೇಬಲ್ ಮೇಲಿನ ಫೋನು. ಪೇಷಂಟ್ ಕಡೆಯವರ ಮೊಬೈಲಿನಲ್ಲಿ ಓಡುವ ರೀಲ್ಸು. ಪಕ್ಕದವರ ಕೆಮ್ಮು, ನರಳಾಟ. ಸೊಳ್ಳೆ. ಸಂಜೆ ಏಳಕ್ಕೇ ಊಟ ಆಗಿರುವುದರಿಂದ ನಡುರಾತ್ರಿಯ ಹಸಿವು. ಒಬ್ಬರು ‘ಹಸು ಇವತ್ತೋ ನಾಳೆಯೋ ಕರು ಹಾಕುತ್ತೆ, ಮನೇಲಿ ಯಾರೂ ಇಲ್ಲ’ ಅಂತ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಇನ್ನೊಬ್ಬರ ಪಕ್ಕದ ಬೆಡ್‌ನವರು ಸಂಜೆ ತೀರಿಕೊಂಡಿದ್ದರು. ಅವರು ಆ ಖಾಲಿ ಮಂಚಕ್ಕೆ ಬೆನ್ನು ಹಾಕಿ ಬೆಳಗಿನವರೆಗೂ ಹಾಗೇ ಇದ್ದರು. ನಾನು ಬಂದು ಪಕ್ಕದಲ್ಲಿ ನಿಂತಾಗ ಮಾತ್ರ ‘ಲೈಟ್ ಆರಿಸಬೇಡಿ ಸಿಸ್ಟರ್’ ಅಂದರು.

ಆದರೆ ಪುಸ್ತಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ಕಾರಣ ನಾವು. 22ನೇ ಬೆಡ್‌ನವರನ್ನು ಒಂದು ರಾತ್ರಿ ಎಷ್ಟು ಸಲ ಮುಟ್ಟಿದೆವು ಅಂತ ಎಣಿಸಿದೆ. ಹತ್ತಕ್ಕೆ ಇಂಜೆಕ್ಷನ್. ಹತ್ತೂ ನಲವತ್ತಕ್ಕೆ ಬಿಪಿ. ಹನ್ನೆರಡಕ್ಕೆ ಇನ್ನೊಂದು ಆಂಟಿಬಯಾಟಿಕ್. ಎರಡಕ್ಕೆ ಟೆಂಪರೇಚರ್. ಮೂರಕ್ಕೆ ಡ್ರಿಪ್ ಬದಲು. ನಾಲ್ಕೂವರೆಗೆ ಮೈ ಒರೆಸುವುದು. ಐದಕ್ಕೆ ರಕ್ತ. ಏಳು ಸಲ. ಎಂಟು ಗಂಟೆಯಲ್ಲಿ 90 ನಿಮಿಷದ ಎರಡು ಸುತ್ತನ್ನು ಒಟ್ಟಿಗೆ ಮುಗಿಸಲು ನಾವು ಆ ಮನುಷ್ಯನಿಗೆ ಬಿಟ್ಟಿರಲಿಲ್ಲ. ಹಗಲು ಅವರು ತೂಕಡಿಸಿದರೆ ‘ಹಗಲೆಲ್ಲ ಮಲಗ್ತಾರೆ, ಅದಕ್ಕೇ ರಾತ್ರಿ ನಿದ್ದೆ ಇಲ್ಲ’ ಅಂತ ಶಿಫ್ಟ್ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಹೇಳುತ್ತಿದ್ದೆವು.

ಮೊಬೈಲಿಗೆ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡೆ. ಅದು ಕರಾರುವಾಕ್ಕು ಅಲ್ಲ, ಅಂದಾಜಿಗೆ ಸಾಕು. ರಾತ್ರಿ ಹನ್ನೊಂದಕ್ಕೆ ವಾರ್ಡಿನ ನಡುವೆ 50ರ ಮೇಲೆ, ಫೋನ್ ಹೊಡೆದರೆ 70. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ವಾರ್ಡಿಗೆ ರಾತ್ರಿ 30 ಡೆಸಿಬೆಲ್ ಅನ್ನುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ 40 ಡೆಸಿಬೆಲ್. ಹೊರಗೆ ಹಾರ್ನ್ ಹೊಡೆಯಬೇಡಿ ಅಂತ ನಮ್ಮ ಗೇಟಿನಲ್ಲಿ ಬೋರ್ಡ್ ಇದೆ. ಒಳಗಿನ ಸದ್ದಿಗೆ ಯಾವ ಬೋರ್ಡೂ ಇರಲಿಲ್ಲ.

ಪುಸ್ತಕ ಹಿಡಿದು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋದೆ. ಮೂವತ್ತು ವರ್ಷ ಸರ್ವೀಸ್ ಆದವರು. ‘ಇಬ್ಬರು ಇರ್ತೀರಿ, 30 ಪೇಷಂಟ್. ಕೆಲಸ ಮುಗಿಯೋದೇ ಕಷ್ಟ, ನಿದ್ದೆ ಬೇರೆ ಕಾಯ್ತೀಯಾ ಮಗಾ?’ ಅಂದರು. ಬೈದದ್ದಲ್ಲ. ನಿಜಕ್ಕೂ ಕೇಳಿದ್ದು. ನಾನು ಕೋರ್ಸ್ ಸೇರಿದಾಗ ದೀಪ ಹಿಡಿದು ಪ್ರತಿಜ್ಞೆ ಮಾಡಿದ್ದು ನೆನಪಿಸಿದೆ. ಆ ದೀಪದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಸದ್ದಿನ ಬಗ್ಗೆ ಒಂದು ಪೂರ್ತಿ ಅಧ್ಯಾಯ ಬರೆದಿದ್ದಾರೆ. ಕಾಯಿಲೆಯವರನ್ನು ನಿದ್ದೆಯಿಂದ ಎಬ್ಬಿಸಬಾರದು ಅನ್ನುವುದನ್ನು ಒಳ್ಳೆಯ ಆರೈಕೆಯ ಮೊದಲ ಷರತ್ತಾಗಿ ಇಟ್ಟಿದ್ದಾರೆ. ಮೇಡಂ ಸ್ವಲ್ಪ ಹೊತ್ತು ಪುಸ್ತಕ ತಿರುವಿದರು. ‘22ಕ್ಕೆ ಏಳು ಸಲವಾ?’ ಅಂತ ಕೇಳಿದರು. ಹೌದು ಅಂದೆ. ‘ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ’ ಅಂದರು.

ಬದಲಾವಣೆ ಒಂದೇ ದಿನ ಆಗಲಿಲ್ಲ. ಎರಡು ತಿಂಗಳು ಹಿಡಿಯಿತು.

ಮೊದಲು ಮಾಡಿದ್ದು ಕೆಲಸಗಳನ್ನು ಒಟ್ಟು ಕಟ್ಟುವುದು. ಒಂಬತ್ತೂವರೆಯಿಂದ ಹತ್ತೂವರೆಯೊಳಗೆ ಒಬ್ಬೊಬ್ಬರ ಹತ್ತಿರ ಒಂದೇ ಸಲ ಹೋಗಿ ಬಿಪಿ, ಟೆಂಪರೇಚರ್, ಇಂಜೆಕ್ಷನ್, ನೆಬುಲೈಸರ್, ಮೂತ್ರ ಎಲ್ಲ ಮುಗಿಸುವುದು. ಡ್ರಿಪ್ ಬಾಟಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಮಲಗುವ ಮುಂಚೆ ಬದಲಿಸುವುದು. ಸುಧಾರಿಸಿಕೊಂಡವರಿಗೆ ನಡುರಾತ್ರಿಯ ಬಿಪಿ ಬೇಡ ಅಂತ ಡಾಕ್ಟರಿಂದ ಶೀಟಿನಲ್ಲಿ ಬರೆಸಿಕೊಳ್ಳುವುದು. ಇದು ನಾವಾಗಿ ಬಿಡುವ ವಿಷಯ ಅಲ್ಲ, ಬರಹದಲ್ಲೇ ಇರಬೇಕು. ಹಾವು ಕಚ್ಚಿ ಬಂದವರು, ತಲೆಗೆ ಪೆಟ್ಟು ಬಿದ್ದವರು, ಶುಗರ್ ಏರುಪೇರಾಗುತ್ತಿರುವವರು, ಇವರನ್ನು ಎಬ್ಬಿಸಲೇಬೇಕು. ನಿದ್ದೆ ಮಾಡ್ತಿದಾರೆ ಪಾಪ ಅಂತ ಬಿಟ್ಟರೆ ಅದು ನಿದ್ದೆಯೋ ಪ್ರಜ್ಞೆ ತಪ್ಪಿದ್ದೋ ಗೊತ್ತಾಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಹಾವಿನ ಕೇಸು ಜಾಸ್ತಿ. ಹೊಸ ಹುಡುಗಿಯರಿಗೆ ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಲ್ಯಾಸಿಕ್ಸ್ ಎರಡನೇ ಡೋಸ್ ಮಧ್ಯಾಹ್ನ ಎರಡಕ್ಕೆ ಬಂತು. ಸ್ಟೀರಾಯ್ಡ್ ಮಾತ್ರೆಗೆ ಬದಲಾದವರಿಗೆ ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ. ಡಾಕ್ಟರುಗಳು ಒಂದು ಮಾತೂ ಎದುರಾಡಲಿಲ್ಲ. ಅವರು ‘ದಿನಕ್ಕೆ ಎರಡು ಸಲ’ ಅಂತ ಬರೆದಿದ್ದರು ಅಷ್ಟೆ. ಎಂಟು–ಎಂಟು ಅಂತ ಹೊತ್ತು ಹಾಕಿದ್ದು ನಾವೇ.

ಟ್ರಾಲಿ ಚಕ್ರಕ್ಕೆ ಆಯಮ್ಮ ತಾವೇ ಮನೆಯಿಂದ ಎಣ್ಣೆ ತಂದು ಹಾಕಿದರು. ಹತ್ತೂವರೆಗೆ ಟ್ಯೂಬ್‌ಲೈಟ್ ಆರಿಸಿ ಎರಡು ಜೀರೋ ಬಲ್ಬ್. ಟಾರ್ಚ್ ಮುಖಕ್ಕಲ್ಲ, ನೆಲಕ್ಕೆ. ಮೈ ಒರೆಸುವುದು ಆರರ ಮೇಲೆ. ಇದಕ್ಕೆ ಮಾತ್ರ ಬೆಳಗಿನ ಶಿಫ್ಟಿನವರ ಜೊತೆ ತುಂಬ ಜಗಳವಾಯಿತು. ಡಾಕ್ಟರ್ ರೌಂಡ್ಸಿಗೆ ಮುಂಚೆ ಎಲ್ಲ ಹಾಸಿಗೆ ನೀಟಾಗಿರಬೇಕು ಅನ್ನುವುದು ಅವರ ಕಷ್ಟ. ಕೊನೆಗೆ ಅರ್ಧ ನಾವು ಮಾಡುವುದು, ಅರ್ಧ ಅವರು ಮಾಡುವುದು ಅಂತಾಯಿತು.

ನನಗೆ ತುಂಬ ಖುಷಿ ಕೊಟ್ಟದ್ದು ಬ್ಯಾಕ್ ಕೇರ್ ವಾಪಸ್ ಬಂದದ್ದು. ಬೆನ್ನು ಒರೆಸಿ, ಪೌಡರ್ ಹಾಕಿ, ಮೂರು ನಿಮಿಷ ತಿಕ್ಕುವುದು. ಮಲಗಿ ಮಲಗಿ ಆಗುವ ಹುಣ್ಣು, ಬೆಡ್‌ಸೋರ್ ಆಗದಿರಲಿ ಅಂತ ಮಾಡುತ್ತೇವೆ, ಅದೂ ತೀರಾ ಏಳಲಾಗದವರಿಗೆ. ರಾತ್ರಿ ಮಲಗುವ ಮುಂಚೆ ಮಾಡಿದರೆ ಏನಾಗುತ್ತದೆ ಅಂತ 14ನೇ ಬೆಡ್‌ನ ಅಜ್ಜನಲ್ಲೇ ನೋಡಿದೆ. ಅವರು ಇನ್ನೂ ಹತ್ತು ದಿನ ನಮ್ಮಲ್ಲೇ ಇದ್ದರು. ಕ್ಯಾಥೆಟರ್ ತೆಗೆದಿದ್ದೆವು. ಕನ್ನಡಕ ದಿಂಬಿನ ಪಕ್ಕ. ಹಗಲು ಎರಡು ಸಲ ಕುರ್ಚಿ ಹಾಕಿ ವರಾಂಡದ ಬಿಸಿಲಿಗೆ ಕೂರಿಸುತ್ತಿದ್ದೆವು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರಕ್ಕೆ ಹಗಲು ಯಾವುದು ರಾತ್ರಿ ಯಾವುದು ಅಂತ ತಿಳಿಯುತ್ತದೆ. ರಾತ್ರಿ ಒಂಬತ್ತೂವರೆಗೆ ಬೆಚ್ಚಗಿನ ನೀರಲ್ಲಿ ಕಾಲು ಒರೆಸಿ, ಎದುರಿಗೆ ಕಾರ್ಡಿಯಾಕ್ ಟೇಬಲ್ ಇಟ್ಟು ಅದರ ಮೇಲೆ ದಿಂಬು ಹಾಕಿ ಮುಂದಕ್ಕೆ ಒರಗಿಸಿ ಬೆನ್ನು ತಿಕ್ಕಿದೆ. ತಿಕ್ಕುತ್ತಿರುವಾಗಲೇ ತಲೆ ದಿಂಬಿಗೆ ವಾಲಿತು. ಎರಡೂವರೆಗೆ ನೋಡಿದೆ, ಮಲಗಿದ್ದರು. ಹತ್ತಿರ ನಿಂತು ನೋಡಿದೆ. ದವಡೆ ಸಡಿಲವಾಗಿತ್ತು. ಪುಸ್ತಕದಲ್ಲಿ ‘ನಿ’ ಅಂತ ಬರೆಯುವಾಗ ನನಗೆ ಅಳು ಬಂತು.

ಸದ್ದು, ಬೆಳಕು, ಹೊತ್ತು ಸರಿಮಾಡಿದ ಮೇಲೂ ಮಲಗದವರು ಉಳಿದರು. ಆಗಲೇ ನಿದ್ದೆಯ ಕಾಯಿಲೆಗಳು ಕಣ್ಣಿಗೆ ಬಿದ್ದದ್ದು. ಗದ್ದಲದಲ್ಲಿ ಅವು ಮುಚ್ಚಿಹೋಗಿದ್ದವು.

ಒಬ್ಬ ಲಾರಿ ಡ್ರೈವರ್. 46 ವರ್ಷ. ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಅಂತ ಅಡ್ಮಿಟ್ ಆಗಿದ್ದರು. ಅವರ ಗೊರಕೆಗೆ ಅಕ್ಕಪಕ್ಕದವರು ಬೆಡ್ ಬದಲಿಸಿಕೊಡಿ ಅಂದರು. ‘ಎಂಥಾ ಪುಣ್ಯವಂತ, ಬಿದ್ದ ತಕ್ಷಣ ನಿದ್ದೆ’ ಅನ್ನುತ್ತಿದ್ದರು. ಮೊದಲಿನ ನಾನಾಗಿದ್ದರೆ ಇವರಿಗೆ ‘ಸ್ಲೆಪ್ಟ್ ವೆಲ್’ ಅಂತ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಈಗ ಪಕ್ಕದಲ್ಲಿ ನಿಂತೆ. ಗೊರಕೆ ಏರುತ್ತ ಏರುತ್ತ ಒಮ್ಮೆಲೆ ನಿಂತಿತು. ಹೊಟ್ಟೆ, ಎದೆ ಎಳೆದಾಡುತ್ತಿವೆ. ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ಇಲ್ಲ. ವಾಚಿನ ಮುಳ್ಳು ನೋಡಿದೆ, 28 ಸೆಕೆಂಡ್. ಆಮೇಲೆ ಮೈ ಜಾಡಿಸಿ ದೊಡ್ಡದಾಗಿ ಉಸಿರೆಳೆದರು. ಮತ್ತೆ ಗೊರಕೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದೆ. ಉಸಿರು ನಿಂತ ಸ್ವಲ್ಪ ಹೊತ್ತಿಗೆ 95ರಿಂದ 79ಕ್ಕೆ ಇಳಿಯಿತು. ಹತ್ತು ಸೆಕೆಂಡಿಗಿಂತ ಜಾಸ್ತಿ ನಿಂತರೆ ಅದನ್ನು ಒಂದು ಅಪ್ನಿಯಾ ಅಂತ ಎಣಿಸುತ್ತಾರೆ. ಹದಿನೈದು ನಿಮಿಷದಲ್ಲಿ ಹನ್ನೊಂದು ಎಣಿಸಿದೆ.

ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ರಾತ್ರಿಯಿಡೀ ಇದೇ. ಅವರಿಗೆ ಎದ್ದ ನೆನಪಿರುವುದಿಲ್ಲ, ಮೈಗೆ ಮಾತ್ರ ಗೊತ್ತಿರುತ್ತದೆ. ಪ್ರತಿ ಸಲ ಬಿಪಿ ಏರುತ್ತದೆ. ಮಾತ್ರೆಗೆ ಬಿಪಿ ಬಗ್ಗದಿದ್ದುದು ಅದಕ್ಕೇ. ಈ ಕಾಯಿಲೆ ಇರಬಹುದಾ ಅಂತ ಅಂದಾಜು ಮಾಡಲು ಸ್ಟಾಪ್–ಬ್ಯಾಂಗ್ ಅನ್ನುವ ಎಂಟು ಪ್ರಶ್ನೆ ಇವೆ: ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ, ಗಂಡಸಾ. ಟೇಪ್ ಹಿಡಿದು ಕತ್ತು ಅಳೆದೆ, 43 ಸೆಂಟಿಮೀಟರ್. ಎಂಟರಲ್ಲಿ ಆರಕ್ಕೆ ಹೌದು. ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಸಾಧ್ಯತೆ ಜಾಸ್ತಿ.

ಬೆಳಿಗ್ಗೆ ಡಾಕ್ಟರ ಮುಂದೆ ಲೆಕ್ಕ ಇಟ್ಟೆ. ಡ್ರೈವರ್ ಅಣ್ಣನನ್ನು ಕೂರಿಸಿ ಕೇಳಿದಾಗ ಒಂದೊಂದೇ ಹೊರಗೆ ಬಂತು. ಬೆಳಿಗ್ಗೆ ಎದ್ದರೆ ತಲೆನೋವು. ಶಿರಾಡಿ ಘಾಟಿಯಲ್ಲಿ ಸ್ಟೇರಿಂಗ್ ಹಿಡಿದೇ ಎರಡು ಸಲ ಕಣ್ಣು ಮುಚ್ಚಿದ್ದರು. ಒಂದು ಸಲ ಕ್ಲೀನರ್ ಹುಡುಗ ಕೂಗಿ ಎಬ್ಬಿಸಿದ್ದ. ನಿದ್ದೆ ಸಾಲುತ್ತಿಲ್ಲ ಅಂತ ಮೆಡಿಕಲ್ ಸ್ಟೋರಿನಿಂದ ಯಾರೋ ಹೇಳಿದ ನಿದ್ದೆ ಮಾತ್ರೆ ತರಿಸಿಕೊಂಡು ನುಂಗುತ್ತಿದ್ದರು, ಕೆಲವು ದಿನ ಜೊತೆಗೆ ಎರಡು ಪೆಗ್. ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ ಅಂತ ಹೇಳಿದಾಗ ಅವರು ತುಂಬ ಹೊತ್ತು ಸುಮ್ಮನಿದ್ದರು. ಮುಂದಿನ ಪರೀಕ್ಷೆಗೆ ಕಳಿಸುವವರೆಗೆ ನಾವು ಮಾಡಬಹುದಾದದ್ದು ಮಾಡಿದೆವು. ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಾಗಿ ಮಲಗಿಸುವುದು, ತಲೆಯ ಕಡೆ ಎತ್ತರಿಸುವುದು.

ಅವರನ್ನು ಸ್ಲೀಪ್ ಸ್ಟಡಿಗೆ ಬೆಂಗಳೂರಿಗೆ ಕಳಿಸಿದರು. ವಾಪಸ್ ಬಂದಾಗ ವಾರ್ಡಿಗೇ ಬಂದು ಹೇಳಿದರು. ತಲೆಗೆ, ಕಣ್ಣಿನ ಪಕ್ಕ, ಗಲ್ಲಕ್ಕೆ, ಕಾಲಿಗೆ ವೈರು. ಎದೆಗೆ ಹೊಟ್ಟೆಗೆ ಬೆಲ್ಟು. ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು. ‘ಇಷ್ಟೆಲ್ಲ ಕಟ್ಟಿಕೊಂಡು ಯಾರಿಗೆ ನಿದ್ದೆ ಬರುತ್ತೆ ಸಿಸ್ಟರ್ ಅಂದುಕೊಂಡೆ, ಹತ್ತು ನಿಮಿಷಕ್ಕೆ ಹೋಗಿಬಿಟ್ಟಿದ್ದೆ.’ ರಿಪೋರ್ಟಿನಲ್ಲಿ ಗಂಟೆಗೆ 52 ಸಲ. 30 ದಾಟಿದರೆ ತೀವ್ರ. ಸಿಪ್ಯಾಪ್ ಯಂತ್ರ ಬರೆದುಕೊಟ್ಟಿದ್ದರು. ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಯಂತ್ರ. ಅದನ್ನು ನೋಡಿ ಅವರಿಗೆ ಭಯ, ಐಸಿಯುನ ವೆಂಟಿಲೇಟರ್ ಅಂದುಕೊಂಡಿದ್ದರು. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಅನ್ನುವ ಡಾಕ್ಟರ್ 1981ರಲ್ಲೇ ಇದನ್ನು ತೋರಿಸಿಕೊಟ್ಟದ್ದು, ಮನೆಯಲ್ಲೇ ಹಾಕಿಕೊಂಡು ಮಲಗುವವರು ಎಷ್ಟೋ ಜನ ಇದ್ದಾರೆ ಅಂತ ಹೇಳಿದೆ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿ ಅಭ್ಯಾಸ ಮಾಡಿಕೊಳ್ಳಿ ಅಂದೆ. ಮೊದಲ ವಾರ ರಾತ್ರಿ ಕಿತ್ತು ಹಾಕುತ್ತಿದ್ದರಂತೆ. ಎರಡು ತಿಂಗಳ ಮೇಲೆ ಹೆಂಡತಿ ಜೊತೆ ಬಿಪಿ ತೋರಿಸಲು ಬಂದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: ‘ಮೊದಲ ರಾತ್ರಿ ಸದ್ದೇ ಇಲ್ಲ ಅಕ್ಕಾ. ಇಪ್ಪತ್ತು ವರ್ಷ ಗೊರಕೆ ಕೇಳಿದೋಳು ನಾನು. ಭಯ ಆಗಿ ಎದ್ದು ಎದೆ ಮುಟ್ಟಿ ನೋಡಿದೆ.’

ಒಂದು ತಿಂಗಳು ಹೆಂಗಸರ ವಾರ್ಡಿಗೆ ಹಾಕಿದ್ದರು. ಅಲ್ಲಿ ಒಬ್ಬ ತಂಗಿ ಮಲಗಿದ ಹತ್ತು ನಿಮಿಷಕ್ಕೆ ಎದ್ದು ಓಡಾಡುತ್ತಿದ್ದಳು. ಬೇರೆ ಸಿಸ್ಟರ್ ಬೈದಿದ್ದರು. ಕೇಳಿದರೆ, ‘ಕಾಲೊಳಗೆ ಇರುವೆ ಹರಿದ ಹಾಗಾಗುತ್ತೆ ಅಕ್ಕಾ, ನಡೆದರೆ ಹೋಗುತ್ತೆ, ಮಲಗಿದರೆ ಬರುತ್ತೆ’ ಅಂದಳು. ಅವಳ ಹಿಮೋಗ್ಲೋಬಿನ್ 7, ತುಂಬ ಕಡಿಮೆ. ರೆಸ್ಟ್‌ಲೆಸ್ ಲೆಗ್ಸ್ ಅನ್ನುವ ಈ ತೊಂದರೆ ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ, ಬಸುರಿಯರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಬರುತ್ತದೆ. ಕಬ್ಬಿಣದ ಇಂಜೆಕ್ಷನ್ ಶುರುವಾದ ಮೇಲೆ ನಿಧಾನವಾಗಿ ಕಡಿಮೆಯಾಯಿತು. ಅವಳಿಗೆ ಬೇಕಿದ್ದದ್ದು ‘ಯಾಕಮ್ಮಾ ಓಡಾಡ್ತೀಯಾ’ ಅನ್ನುವ ಒಂದು ಪ್ರಶ್ನೆ.

ಇನ್ನು ‘ಒಂದು ನಿದ್ದೆ ಮಾತ್ರೆ ಕೊಡಿ’ ಅನ್ನುವವರು. ದಿನಾ ಯಾರಾದರೂ ಕೇಳುತ್ತಾರೆ. ಮೊದಲು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ಈಗ ಮೊದಲು ಹತ್ತಿರ ಕೂರುತ್ತೇನೆ. ನೋವಿದೆಯಾ, ಹಸಿವಾಗಿದೆಯಾ, ಎಂಟು ಗಂಟೆಗೆ ಕ್ಯಾಂಟೀನ್ ಕಾಫಿ ಕುಡಿದ್ರಾ. ಕುಡಿದ ಕಾಫಿಯಲ್ಲಿ ಅರ್ಧದಷ್ಟು ಕೆಫೀನ್ ಐದು ಗಂಟೆ ಆದ ಮೇಲೂ ಮೈಯಲ್ಲಿ ಇರುತ್ತದೆ. ವಯಸ್ಸಾದವರಿಗೆ ಆ ಮಾತ್ರೆಗಳು ಕಾಲು ತಡವರಿಸುವಂತೆ ಮಾಡುತ್ತವೆ, ಬಿದ್ದು ತೊಡೆ ಮೂಳೆ ಮುರಿದುಕೊಂಡವರನ್ನು ನೋಡಿದ್ದೇನೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬರದಿದ್ದರೆ ಅದು ಬೇರೆಯೇ ಕಾಯಿಲೆ. ಅದಕ್ಕೂ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಮಲಗುವ ಅಭ್ಯಾಸ ಮತ್ತು ಯೋಚನೆಯ ದಾರಿಯನ್ನು ತಿದ್ದುವ ಕೌನ್ಸೆಲಿಂಗ್.

ನಮ್ಮ ನಿದ್ದೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸತತ ಆರನೇ ನೈಟ್. ಬೆಳಿಗ್ಗೆ ಆರೂ ಮುಕ್ಕಾಲು. ಒಬ್ಬರಿಗೆ ತಿಂಡಿಗೆ ಮುಂಚೆ 20 ಯೂನಿಟ್ ಇನ್ಸುಲಿನ್. ಅವರು ಮನೆಯಿಂದ ತಂದದ್ದು ಮಿಲಿಲೀಟರಿಗೆ 100 ಯೂನಿಟ್ ಇರುವ ಬಾಟಲಿ. ನನ್ನ ಕೈಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್, ಅದು ಆಸ್ಪತ್ರೆಯ 40 ಯೂನಿಟ್ ಬಾಟಲಿಗೆ. 20ರ ಗೆರೆಯವರೆಗೆ ಎಳೆದಿದ್ದೆ. ಅಂದರೆ ಸಿರಿಂಜಿನಲ್ಲಿ ಇದ್ದದ್ದು 50 ಯೂನಿಟ್. ಜೊತೆಗಿದ್ದ ಸಿಸ್ಟರ್ ‘ಏಯ್, ಮುಚ್ಚಳ ನೋಡು’ ಅಂದಳು. ಕೈ ನಡುಗಿ ಅಲ್ಲೇ ಕೂತುಬಿಟ್ಟೆ. ನನಗೆ ಅದು ಗೊತ್ತಿಲ್ಲದ ವಿಷಯವಾ? ಹುಡುಗಿಯರಿಗೆ ಪಾಠ ಮಾಡುವುದೇ ನಾನು. ಆದರೆ ಆರು ರಾತ್ರಿ ಎಚ್ಚರ ಇದ್ದು, ಹಗಲು ನಾಲ್ಕು ಗಂಟೆ ಮಲಗಿದ ಕಣ್ಣು ಅದು.

ಅದನ್ನು ಬಚ್ಚಿಡಲಿಲ್ಲ. ರಿಜಿಸ್ಟರಿನಲ್ಲಿ ಬರೆದು ಇನ್‌ಚಾರ್ಜ್ ಮೇಡಂಗೆ ಕೊಟ್ಟೆ. ಇನ್ಸುಲಿನ್ ಇಬ್ಬರು ನೋಡಿಯೇ ಕೊಡಬೇಕು ಅನ್ನುವ ನಿಯಮ ಆವತ್ತೇ ಬಂತು. ಸತತ ನೈಟ್‌ಗಳನ್ನು ನಾಲ್ಕಕ್ಕೆ ಇಳಿಸಲು ಮೇಡಂ ಪ್ರಯತ್ನ ಮಾಡುತ್ತಿದ್ದಾರೆ, ಜನ ಕಡಿಮೆ ಇರುವುದರಿಂದ ಕೆಲವು ತಿಂಗಳು ಆಗುತ್ತದೆ, ಕೆಲವು ತಿಂಗಳು ಇಲ್ಲ. ಮನೆಯಲ್ಲಿ ನಾನು ಕಿಟಕಿಗೆ ಕಪ್ಪು ಬಟ್ಟೆ ಹೊಲಿಸಿ ಹಾಕಿದ್ದೇನೆ. ನೈಟ್ ಇದ್ದ ದಿನ ನನ್ನತ್ತೆ ಮಿಕ್ಸಿ ಹಾಕುವುದನ್ನು ಮಧ್ಯಾಹ್ನ ಎರಡರ ಮೇಲೆ ಇಟ್ಟುಕೊಳ್ಳುತ್ತಾರೆ, ಕುಕ್ಕರ್ ಬದಲು ಪಾತ್ರೆಯಲ್ಲಿ ಅನ್ನ ಬಸಿಯುತ್ತಾರೆ. ಕೇಳದೆ ಅವರಾಗಿಯೇ ಶುರುಮಾಡಿದ್ದು.

ಈಗ ಜ್ವರ, ನಾಡಿ, ಉಸಿರು ಬರೆಯುವ ನಮ್ಮ ಟಿಪಿಆರ್ ಚಾರ್ಟಿನ ಕೆಳಗೆ ಸ್ಕೇಲ್ ಹಿಡಿದು ಒಂದು ಗೆರೆ ಎಳೆಯುತ್ತೇವೆ. ಅಚ್ಚಾಗಿ ಬರುವ ಚಾರ್ಟಿನಲ್ಲಿ ನಿದ್ದೆಗೆ ಕಾಲಂ ಇಲ್ಲ. ಪೋಸ್ಟಿಂಗಿಗೆ ಬರುವ ವಿದ್ಯಾರ್ಥಿನಿಯರು ಅದರಲ್ಲಿ ಏನು ಬರೆಯಬೇಕು ಅಂತ ಕೇಳುತ್ತಾರೆ. ಕಂಡದ್ದು ಮತ್ತು ಅವರು ಹೇಳಿದ್ದು, ಎರಡೂ ಬರೆಯಿರಿ ಅನ್ನುತ್ತೇನೆ. ಐದು ಗಂಟೆಯ ರಕ್ತ ಮಾತ್ರ ಇನ್ನೂ ಬದಲಾಗಿಲ್ಲ. ಲ್ಯಾಬಿನವರು ಆರಕ್ಕೆ ಸ್ಯಾಂಪಲ್ ಕೇಳುತ್ತಾರೆ, ರೌಂಡ್ಸಿಗೆ ರಿಪೋರ್ಟ್ ಬೇಕು. ಮೂರು ಸಲ ಪತ್ರ ಬರೆದಿದ್ದೇವೆ. ನಿನ್ನೆ ರಾತ್ರಿ 14ನೇ ಬೆಡ್‌ನಲ್ಲಿ ಇದ್ದದ್ದು ಬೇರೆ ಒಬ್ಬರು, ನ್ಯುಮೋನಿಯಾ, 61 ವರ್ಷ. ಅವರ ಚಾರ್ಟಿನಲ್ಲಿ ಬರೆದದ್ದು ಇಷ್ಟು: 10.50ಕ್ಕೆ ಮಲಗಿದರು. 2.15ಕ್ಕೆ ಎದ್ದರು, ಮೂತ್ರ. 2.40ರಿಂದ ಮತ್ತೆ ನಿದ್ದೆ. 5ಕ್ಕೆ ರಕ್ತಕ್ಕಾಗಿ ಎಬ್ಬಿಸಿದೆವು. ಆಮೇಲೆ ನಿದ್ದೆ ಬರಲಿಲ್ಲ ಅಂದರು.